ಪ್ರಾಪ್‌ಗೆ ಹಳೆ ಕಳೆ ಕೊಡೋ ಮುಂಚೆ, ಅಳಿಸೋಕೆ ಆಗೋ ಹಾಗೆ ಟೆಸ್ಟ್ ಮಾಡೋದು ಹೇಗೆ

ಹಿಂದೆ ಒಂದು ಪ್ರಾಪ್ ಮಾಡಿದ್ದೆ, ಅಂದ್ರೆ ನಾಟಕ, ಸಿನಿಮಾದಲ್ಲಿ ಬಳಸೋ ಥರದ ನಕಲಿ ವಸ್ತು, ಒಂದು ಲಾಟೀನಿನ ರೆಪ್ಲಿಕಾ. ಮೂರು ವಾರ ಸ್ಯಾಂಡಿಂಗು, ಫಿಲ್ಲರು, ಪ್ರೈಮರು, ಅದರ ಮೇಲೆ ಹಿತ್ತಾಳೆ ಬಣ್ಣದ ಬೇಸ್ ಕೋಟ್, ಎಲ್ಲಾ ಮನಸ್ಸಿಗೆ ಹಿಡಿಸೋ ಹಾಗೆ ಬಂದಿತ್ತು. ಒಂದು ರಾತ್ರಿ ಕೂತು ಕಪ್ಪು ಅಕ್ರಿಲಿಕ್ ಬಣ್ಣಾನ ನೀರುನೀರಾಗಿ ಕಲಸಿ ಸೀದಾ ಬೇಸ್ ಕೋಟ್ ಮೇಲೇನೇ ಬಳಿದುಬಿಟ್ಟೆ, ಟೇಬಲ್ ಲೈಟ್ ಕೆಳಗೆ ಒದ್ದೆ ಇದ್ದಾಗ ಎಷ್ಟು ಚೆನ್ನಾಗಿ ಕಾಣ್ತಿತ್ತು ಅಂದ್ರೆ ಇನ್ನೊಂದು ಸುತ್ತು ಬಳಿದು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದ್ರೆ ಇದ್ದಿಲು ಉಜ್ಜಿದ ಹಾಗೆ ಮಂಕಾಗಿ, ಎಲ್ಲಾ ಕಡೆ ಒಂದೇ ಸಮ ಕಪ್ಪು. ನೀರಲ್ಲಿ ಒರೆಸಿದೆ, ಜಗ್ಗಲಿಲ್ಲ, ಯಾಕಂದ್ರೆ ಅಕ್ರಿಲಿಕ್ ಒಂದ್ಸಲ ಒಣಗಿದ್ರೆ ಮತ್ತೆ ನೀರಿಗೆ ಕರಗಲ್ಲ. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಉಜ್ಜಿದೆ, ಕಪ್ಪಿನ ಜೊತೆ ಹಿತ್ತಾಳೆ ಬಣ್ಣಾನೂ ಎದ್ದು ಬಂತು, ಅಲ್ಲಲ್ಲಿ ಪ್ರೈಮರೂ ಬಂತು. ಆ ಬೆಳಿಗ್ಗೆ ಆದ ಬೇಜಾರು ಇವತ್ತಿಗೂ ಮರೆತಿಲ್ಲ.

ಅವತ್ತಿಂದ ಯಾವ ಪ್ರಾಪ್ ಆದ್ರೂ ಸರಿ, ವೆದರಿಂಗನ್ನ, ಅಂದ್ರೆ ವಸ್ತು ಹಳೇದಾಗಿ ಕಾಣೋಕೆ ಕೊಡೋ ಕೊಳೆ, ಸವೆತ, ತುಕ್ಕನ್ನ, ಮೊದಲು ಒರೆಸಿದ್ರೆ ಹೋಗೋ ಥರ ಮಾಡಿ, ಎರಡ್ಮೂರು ದಿನ ಕಣ್ಣ ಮುಂದೆ ಇಟ್ಕೊಂಡು, ಓಡಾಡ್ತಾ ನೋಡಿ, ಆಮೇಲೆ ಮಾತ್ರ ಪರ್ಮನೆಂಟ್ ಮಾಡ್ತೀನಿ. ಕೊಳೆ ಸೇರಿಸೋದು ಐದು ನಿಮಿಷದ ಕೆಲಸ, ತೆಗೆಯೋದು ಐದು ದಿನದ್ದು, ಕೆಲವು ಸಲ ತೆಗೆಯೋಕೇ ಆಗಲ್ಲ. ಹಾಗಾಗಿ ಇಲ್ಲಿ ಬರೀತಿರೋದು ಬಣ್ಣ ಹಚ್ಚೋ ಟೆಕ್ನಿಕ್‌ಗಿಂತ ಹೆಚ್ಚಾಗಿ, ಹಚ್ಚಿದ್ದನ್ನ ವಾಪಸ್ ತೆಗೆಯೋ ದಾರಿ ಕೊನೇ ತನಕ ತೆರೆದಿಟ್ಕೊಳ್ಳೋದು ಹೇಗೆ ಅಂತ.

ಮೊದಲು ವಸ್ತುವಿನ ಬದುಕು ಯೋಚಿಸಿ

ಬ್ರಶ್ ಮುಟ್ಟೋ ಮುಂಚೆ ಒಂದು ಹಾಳೇಲಿ ಬರ್ಕೊಳ್ಳಿ, ಈ ವಸ್ತೂನ ಯಾರು ಬಳಸ್ತಿದ್ರು, ಯಾವ ಕೈಯಲ್ಲಿ ಹಿಡೀತಿದ್ರು, ಬಳಸದೇ ಇದ್ದಾಗ ಎಲ್ಲಿ ಇಡ್ತಿದ್ರು, ಮಳೇಲಿ ನೆನೀತಿತ್ತಾ ಅಥವಾ ಒಲೆ ಪಕ್ಕ ಇರ್ತಿತ್ತಾ. ಇದು ಟೈಮ್ ವೇಸ್ಟ್ ಅನ್ಸಬಹುದು, ಆದ್ರೆ ಇದಿಲ್ಲದೆ ಟೆಸ್ಟ್ ಮಾಡಿದ್ರೆ ಟೆಸ್ಟಲ್ಲಿ ಏನನ್ನ ನೋಡಬೇಕು ಅಂತಾನೇ ಗೊತ್ತಾಗಲ್ಲ.

ಸವೆತ ಬೇರೆ, ಕೊಳೆ ಬೇರೆ. ಸವೆತ ಅಂದ್ರೆ ಇದ್ದದ್ದು ಹೋಗೋದು, ಅದು ಕೈ ತಗಲೋ ಕಡೆ, ನೆಲಕ್ಕೆ ತಾಗೋ ಕಡೆ, ಅಂಚಲ್ಲಿ, ಮೂಲೇಲಿ ಆಗತ್ತೆ. ಕೊಳೆ ಅಂದ್ರೆ ಇಲ್ಲದ್ದು ಬಂದು ಕೂರೋದು, ಅದು ಕೈ ಹೋಗದ ಸಂದಿಗಳಲ್ಲಿ, ಸ್ಕ್ರೂ ಸುತ್ತ, ಹಿಡಿ ಕೆಳಗೆ ಕೂರತ್ತೆ. ಒಂದು ಕತ್ತಿ ತಗೊಳ್ಳಿ, ಒರೆಯ ಬಾಯಿ ಹತ್ರ ಒಳಗೆ ಹೊರಗೆ ಎಳೆದ ಗೀರುಗಳು ಇರಬೇಕು, ಹಿಡಿ ಬೆವರು ಕುಡಿದು ಕಪ್ಪಾಗಿರಬೇಕು, ಹಿಡಿಯ ತುದಿಯ ಹಿತ್ತಾಳೆ ಅಂಗೈ ತಾಗೋ ಕಡೆ ಹೊಳೀಬೇಕು, ಅದೇ ಹಿತ್ತಾಳೆಯ ಕೆತ್ತನೆ ಒಳಗೆ ಕಿಲುಬು ಕೂತಿರಬೇಕು. ಹಳೇ ರೇಡಿಯೋ ಥರದ ಡಬ್ಬ ಆದ್ರೆ ದಿನಾ ತಿರುಗಿಸೋ ಒಂದು ನಾಬ್ ಸುತ್ತ ಮಾತ್ರ ಬಣ್ಣ ಹೋಗಿರತ್ತೆ, ಯಾರೂ ಮುಟ್ಟದ ಪಕ್ಕದ ಸ್ವಿಚ್ಚಲ್ಲಿ ಧೂಳು ತುಂಬಿರತ್ತೆ. ನೀರು ಇಳಿದ ಕಲೆ ಯಾವಾಗ್ಲೂ ಕೆಳಮುಖ, ಆದ್ರೆ ಆ ಕೆಳಗೆ ಅನ್ನೋದು ನೀವು ಶೆಲ್ಫಲ್ಲಿ ಇಡೋ ಕೆಳಗೆ ಅಲ್ಲ, ಆ ವಸ್ತು ಅದರ ಬದುಕಲ್ಲಿ ನೇತಾಡ್ತಿದ್ದ ಅಥವಾ ನಿಂತಿದ್ದ ದಿಕ್ಕಿನ ಕೆಳಗೆ.

ಇನ್ನೊಂದು, ಪ್ರಾಪ್ ಯಾವ ಲೋಹ ಅಂತ ನಟಿಸ್ತಿದೆ ಅನ್ನೋದನ್ನೂ ಬರ್ಕೊಳ್ಳಿ. ತುಕ್ಕು ಹಿಡಿಯೋದು ಕಬ್ಬಿಣಕ್ಕೆ, ಉಕ್ಕಿಗೆ. ಅಲ್ಯೂಮಿನಿಯಂ ಬಿಳಿ ಬೂದಿ ಬಣ್ಣಕ್ಕೆ ಮಂಕಾಗತ್ತೆ, ತಾಮ್ರ ಮೊದಲು ಕಂದು ಆಗಿ ನಿಧಾನಕ್ಕೆ ಹಸಿರಿಗೆ ತಿರುಗತ್ತೆ. ಅಲ್ಯೂಮಿನಿಯಂ ಥರ ಬಣ್ಣ ಹೊಡೆದಿರೋ ಭಾಗದಿಂದ ಕೇಸರಿ ತುಕ್ಕು ಸೋರಿದ್ರೆ ನೋಡೋರಿಗೆ ಕಾರಣ ಗೊತ್ತಾಗದೇ ಇದ್ರೂ ಏನೋ ಸರಿ ಇಲ್ಲ ಅಂತ ಅನ್ಸೇ ಅನ್ಸತ್ತೆ. ತುಕ್ಕಲ್ಲೂ ಹೊಸದು ಕೇಸರಿ, ಹಳೇದು ಕಡುಕಂದು.

ಪ್ರಾಪನ್ನ ಮುಟ್ಟದೇನೇ ಮಾಡೋ ಟೆಸ್ಟು

ಎಲ್ಲಕ್ಕಿಂತ ಸೇಫ್ ಅಂದ್ರೆ ಫೋಟೋ. ಪ್ರಾಪನ್ನ ನಾಲ್ಕು ಕಡೆಯಿಂದ ಫೋಟೋ ತೆಗೆದು ಮಂಕಾಗಿ ಪ್ರಿಂಟ್ ಹಾಕಿಸಿ ಅದರ ಮೇಲೆ ಪೆನ್ಸಿಲಲ್ಲಿ, ಕಲರ್ ಪೆನ್ಸಿಲಲ್ಲಿ ಗೀಚಿ, ಇಲ್ಲಾ ಫೋನಲ್ಲೇ ಬೆರಳಲ್ಲಿ ಗೀಚಿ. ಎಲ್ಲಿ ಬೇಕು ಎಲ್ಲಿ ಬೇಡ ಅನ್ನೋದು ಮುಕ್ಕಾಲು ಪಾಲು ಇಲ್ಲೇ ಗೊತ್ತಾಗ್ಬಿಡತ್ತೆ.

ಅದಕ್ಕಿಂತ ನಂಗೆ ಇಷ್ಟ ಆಗೋದು ಪ್ಲಾಸ್ಟಿಕ್ ಶೀಟ್ ಟೆಸ್ಟು. ಪಾರದರ್ಶಕ ಓಎಚ್‌ಪಿ ಶೀಟ್ ಇರತ್ತಲ್ಲ ಅದನ್ನ ಪ್ರಾಪ್‌ನ ಚಪ್ಪಟೆ ಮುಖದ ಅಳತೆಗೆ ಕತ್ತರಿಸಿ ಮಾಸ್ಕಿಂಗ್ ಟೇಪಲ್ಲಿ ಅಂಟಿಸಿ, ಬಣ್ಣದ ಚಕ್ಕೆ ಎದ್ದಿರೋದು, ಗೀರು, ಸೋರಿದ ಕಲೆ ಎಲ್ಲಾ ಆ ಶೀಟ್ ಮೇಲೆ ಅಕ್ರಿಲಿಕಲ್ಲಿ ಬಿಡಿಸಿ. ಉಬ್ಬುತಗ್ಗು ಇರೋ ಕಡೆ ಶೀಟ್ ಬದಲು ತೆಳು ಕ್ಲಿಂಗ್ ಫಿಲ್ಮ್ ಬಿಗಿಯಾಗಿ ಸುತ್ತಿ. ಪ್ಲಾಸ್ಟಿಕ್ ಮೇಲೆ ನೀರಿನ ಬಣ್ಣ ಹನಿಹನಿಯಾಗಿ ಓಡೋಗತ್ತೆ, ಒಂದು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿದ್ರೆ ಹಿಡ್ಕೊಳ್ಳತ್ತೆ. ಇದರಲ್ಲಿ ದೊಡ್ಡ ಲಾಭ ಏನಂದ್ರೆ ಶೀಟನ್ನ ಅರ್ಧ ಇಂಚು ಆಚೆ ಸರಿಸಬಹುದು, ತಿರುಗಿಸಬಹುದು, ಮೂರು ಬೇರೆ ಬೇರೆ ಶೀಟ್ ಮಾಡಿ ಒಂದರ ನಂತರ ಒಂದು ಇಟ್ಟು ನೋಡಬಹುದು. ಒಂದು ಪೆಟ್ಟಿಗೆ ಮಾಡುವಾಗ ದೊಡ್ಡ ಗೀರೊಂದನ್ನ ಮಧ್ಯದಲ್ಲಿ ಹಾಕ್ಬೇಕು ಅಂತ ಗ್ಯಾರಂಟಿ ಆಗಿದ್ದೆ, ಶೀಟ್ ಸರಿಸಿ ನೋಡಿದ್ಮೇಲೆ ಅದು ಕೆಳಗಿನ ಮೂಲೆ ಹತ್ರ ಇದ್ರೇನೇ ಯಾರೋ ಎಳೆದಾಡಿದ ಹಾಗೆ ಕಾಣತ್ತೆ ಅಂತ ಗೊತ್ತಾಯ್ತು.

ಚಕ್ಕೆಗಳಿಗೆ ಇನ್ನೂ ಸುಲಭ ಬೇಕಂದ್ರೆ ಮಾಸ್ಕಿಂಗ್ ಟೇಪನ್ನ ಬೂದಿ ಬಣ್ಣ ಬಳಿದು ಸಣ್ಣ ಸಣ್ಣ ಚೂರು ಹರಿದು ಅಂಚಿಗೆ ಅಂಟಿಸಿ ದೂರದಿಂದ ನೋಡಿ. ಕತ್ತರಿಸಬೇಡಿ, ಹರೀರಿ, ಕತ್ತರಿಸಿದ್ದು ನೇರ ಗೆರೆ ಬಂದು ನಕಲಿ ಅಂತ ಕಾಣತ್ತೆ.

ಟೆಸ್ಟ್ ಪ್ಯಾನಲ್

ಫೋಟೋದಲ್ಲಿ ಜಾಗ ಗೊತ್ತಾಗತ್ತೆ, ಬಣ್ಣ ಹೇಗೆ ಕೂರತ್ತೆ ಅನ್ನೋದು ಗೊತ್ತಾಗಲ್ಲ, ಅದಕ್ಕೆ ಪ್ಯಾನಲ್ ಬೇಕು. ಪ್ರಾಪ್ ಮಾಡುವಾಗ ಉಳಿದ ತುಂಡು, ಕೆಟ್ಟುಹೋದ 3ಡಿ ಪ್ರಿಂಟ್, ಮಿಕ್ಕಿದ ಫೋಮ್ ಯಾವುದನ್ನೂ ಬಿಸಾಕಬೇಡಿ. ಪ್ಯಾನಲ್ ಅಂದ್ರೆ ಪ್ರಾಪ್‌ನದೇ ತಮ್ಮ ಇದ್ದ ಹಾಗೆ ಇರಬೇಕು, ಅದೇ ಮೆಟೀರಿಯಲ್, ಅದೇ ನಂಬರಿನ ಸ್ಯಾಂಡ್ ಪೇಪರ್, ಅದೇ ಪ್ರೈಮರ್, ಅದೇ ಬೇಸ್ ಕೋಟ್, ಅಷ್ಟೇ ಕೋಟು, ಸಾಧ್ಯ ಆದ್ರೆ ಅದೇ ದಿನ ಹೊಡೆದದ್ದು. ಬಿಳಿ ಕಾಗದದ ಮೇಲೆ ಟೆಸ್ಟ್ ಮಾಡಿ ಚೆನ್ನಾಗಿದೆ ಅಂದ್ಕೊಂಡು ಎಬಿಎಸ್ ಪ್ಲಾಸ್ಟಿಕ್ ಮೇಲೆ ಹಚ್ಚಿದ್ರೆ ಎರಡಕ್ಕೂ ಸಂಬಂಧಾನೇ ಇರಲ್ಲ. ಪ್ಯಾನಲ್ ಪೂರ್ತಿ ಚಪ್ಪಟೆ ಇದ್ರೂ ಪ್ರಯೋಜನ ಕಮ್ಮಿ, ಒಂದು ಅಂಚು, ಒಂದು ಸಂದಿ, ಒಂದೆರಡು ಸ್ಕ್ರೂ ತಲೆ ಥರ ಉಬ್ಬು ಇರಲಿ, ಯಾಕಂದ್ರೆ ವಾಶ್, ಅಂದ್ರೆ ನೀರುನೀರಾಗಿ ಕಲಸಿ ಬಳಿಯೋ ತೆಳು ಬಣ್ಣ, ಹೋಗಿ ನಿಲ್ಲೋದೇ ಅಲ್ಲಿ. ಕಮ್ಮಿ ಅಂದ್ರೂ ಮೂರು ಪ್ಯಾನಲ್ ಮಾಡಿ, ಹಿಂದುಗಡೆ ಪೆನ್ನಲ್ಲಿ ನಂಬರ್ ಹಾಕಿ.

ಬೇಸ್ ಕೋಟ್ ಪೂರ್ತಿ ಗಟ್ಟಿ ಆಗೋ ತನಕ ಕಾಯ್ರಿ. ಮುಟ್ಟಿದ್ರೆ ಒಣಗಿದೆ ಅನ್ಸೋದು ಬೇರೆ, ಒಳಗಿಂದ ಗಟ್ಟಿ ಆಗೋದು ಬೇರೆ, ಇನಾಮಲ್ ಬಣ್ಣ ಆದ್ರೆ ಎಷ್ಟೋ ದಿನ ಬೇಕು. ಮೂಗಿನ ಹತ್ರ ಹಿಡಿದು ನೋಡಿ, ಬಣ್ಣದ ವಾಸನೆ ಇನ್ನೂ ಬರ್ತಿದ್ರೆ ಅದು ಇನ್ನೂ ಆಗಿಲ್ಲ.

ಈಗ ಮುಖ್ಯವಾದ ಚಿಕ್ಕ ಟೆಸ್ಟು. ಪ್ಯಾನಲ್‌ನ ಮೂಲೇಲಿ ಬಡ್ಸನ್ನ ನೀರಲ್ಲಿ ಅದ್ದಿ ಅರ್ಧ ನಿಮಿಷ ಮೆಲ್ಲಗೆ ಉಜ್ಜಿ, ಹತ್ತಿಗೆ ಬಣ್ಣ ಬಂತಾ ನೋಡಿ. ಆಮೇಲೆ ಹೊಸ ಬಡ್ಸಲ್ಲಿ ಸೋಪ್ ನೀರು, ಆಮೇಲೆ ಮಿನರಲ್ ಟರ್ಪೆಂಟೈನ್, ಆಮೇಲೆ ಐಸೋಪ್ರೊಪೈಲ್, ಹೀಗೆ ಮೆದುವಿನಿಂದ ಖಾರಕ್ಕೆ ಹೋಗಿ. ಎಲ್ಲಿ ಹತ್ತಿಗೆ ಬಣ್ಣ ಅಂಟೋಕೆ ಶುರುವಾಗತ್ತೋ ಅದಕ್ಕಿಂತ ಹಿಂದಿನದ್ದೇ ನಿಮ್ಮ ಗಡಿ, ಮುಂದೆ ಏನೇ ಒರೆಸಿದ್ರೂ ಆ ಗಡಿ ದಾಟಬಾರದು. ಸಾಮಾನ್ಯವಾಗಿ ಅಕ್ರಿಲಿಕ್ ಬೇಸ್ ಟರ್ಪೆಂಟೈನ್‌ಗೆ ತಡ್ಕೊಳ್ಳತ್ತೆ, ಆಲ್ಕೋಹಾಲ್‌ಗೆ ಮೆತ್ತಗಾಗತ್ತೆ. ಇನಾಮಲ್ ಬೇಸ್ ಆದ್ರೆ ಟರ್ಪೆಂಟೈನೇ ಅದನ್ನ ಕದಲಿಸಬಹುದು. ಅಸಿಟೋನ್ ಅಂತೂ ಎಬಿಎಸ್, ಪಾಲಿಸ್ಟೈರೀನ್ ಹತ್ರ ತರಲೇಬೇಡಿ, ಅದು ಬಣ್ಣವನ್ನಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸತ್ತೆ. ನನ್ನ ಲಾಟೀನಿಗೆ ಈ ಎರಡು ನಿಮಿಷದ ಕೆಲಸ ಮಾಡಿದ್ರೆ ಸಾಕಿತ್ತು.

ಮಧ್ಯದ ಕ್ಲಿಯರ್, ಇದೇ ಎಲ್ಲಾ

ವೆದರಿಂಗ್ ಅಳಿಸೋಕೆ ಆಗೋದು ಬಿಡೋದು ನಿಂತಿರೋದು ಬೇಸ್ ಕೋಟಿಗೂ ಕೊಳೆಗೂ ಮಧ್ಯ ಇರೋ ಒಂದು ಕ್ಲಿಯರ್ ಕೋಟಿನ, ಅಂದ್ರೆ ಬಣ್ಣ ಇಲ್ಲದ ಪಾರದರ್ಶಕ ವಾರ್ನಿಶಿನ ಮೇಲೆ. ಅದು ಗೋಡೆ ಇದ್ದ ಹಾಗೆ, ಬಡ್ಸ್ ಟೆಸ್ಟಲ್ಲಿ ಸಿಕ್ಕ ಗಡಿಯೊಳಗೆ ಮೇಲೆ ನೀವು ಏನು ಬೇಕಾದ್ರೂ ಹಚ್ಚಿ ಒರೆಸಿ, ಕೆಳಗಿನ ಬಣ್ಣಕ್ಕೆ ತಾಗಲ್ಲ. ಇದನ್ನ ಎಷ್ಟೋ ಜನ ಬಿಟ್ಟುಬಿಡ್ತಾರೆ, ಕೊನೇಲಿ ಹೆಂಗಿದ್ರೂ ಕ್ಲಿಯರ್ ಹೊಡೀತೀವಲ್ಲ ಅಂತ, ಆದ್ರೆ ಕೊನೇ ಕ್ಲಿಯರ್ ಕೊಳೇನ ಕಾಪಾಡತ್ತೆ, ಮಧ್ಯದ ಕ್ಲಿಯರ್ ನಿಮ್ಮನ್ನ ಕಾಪಾಡತ್ತೆ.

ಮ್ಯಾಟ್ ಬೇಡ, ಅದರ ಮೇಲ್ಮೈ ಕಣ್ಣಿಗೆ ಕಾಣದ ಹಾಗೆ ತರಿತರಿ ಇರತ್ತೆ, ಪುಡಿ, ವಾಶ್ ಎಲ್ಲಾ ಅದರೊಳಗೆ ಹೊಕ್ಕಿ ಎಷ್ಟು ಒರೆಸಿದ್ರೂ ಒಂದು ಮಸುಕು ಉಳಿಯತ್ತೆ. ಪೂರ್ತಿ ಗ್ಲಾಸ್, ಅಂದ್ರೆ ಹೊಳೆಯೋ ಕ್ಲಿಯರ್ ಆದ್ರೆ ಒರೆಸೋಕೆ ಸಲೀಸು, ಆದ್ರೆ ನೀರಿನ ಬಣ್ಣ ಜಾರತ್ತೆ, ಪುಡಿ ನಿಲ್ಲೋದೇ ಇಲ್ಲ. ನಂಗೆ ಸರಿ ಹೋಗಿರೋದು ಇವೆರಡರ ಮಧ್ಯದ ಹೊಳಪಿನ ಸ್ಯಾಟಿನ್. ವಾಶ್ ಮಾತ್ರ ಟೆಸ್ಟ್ ಮಾಡೋದಿದ್ರೆ ಗ್ಲಾಸ್ ಆದ್ರೂ ನಡೆಯತ್ತೆ, ಸಂದಿಗಳಿಗೆ ಚೆನ್ನಾಗಿ ಹರಿಯತ್ತೆ. ಒಂದು ಎಚ್ಚರಿಕೆ, ಸ್ಪ್ರೇ ಲ್ಯಾಕರ್ ಕ್ಲಿಯರನ್ನ ಇನಾಮಲ್ ಬಣ್ಣದ ಮೇಲೆ ಹೊಡೆದ್ರೆ ಬಣ್ಣ ಸುಕ್ಕುಗಟ್ಟಬಹುದು, ಅದಕ್ಕೇ ಈ ಕ್ಲಿಯರೂ ಮೊದಲು ಪ್ಯಾನಲ್ ಮೇಲೇನೇ. ಮಳೆ ಹಿಡ್ಕೊಂಡಿರೋ ದಿನ, ಗಾಳೀಲಿ ತೇವ ಜಾಸ್ತಿ ಇರೋ ದಿನ ಸ್ಪ್ರೇ ಮಾಡಬೇಡಿ, ಬಿಳಿ ಮಂಜು ಥರ ಕೂತ್ಕೊಳ್ಳತ್ತೆ.

ಒರೆಸಿದ್ರೆ ಹೋಗೋ ಸಾಮಗ್ರಿ

ನೀರಲ್ಲಿ ಮತ್ತೆ ಕರಗೋ ಬಣ್ಣಗಳು, ಅಂದ್ರೆ ವಾಟರ್ ಕಲರ್, ಗುವಾಶ್, ಪೋಸ್ಟರ್ ಕಲರ್, ಇವು ಟೆಸ್ಟಿಗೆ ಹೇಳಿ ಮಾಡಿಸಿದ ಹಾಗಿವೆ. ಅಕ್ರಿಲಿಕಲ್ಲಿ ಮಾಡೋ ಎಲ್ಲಾ ವಾಶನ್ನೂ ಇವುಗಳಲ್ಲಿ ಮಾಡಬಹುದು, ಒಣಗಿದ ಮೇಲೂ ಒದ್ದೆ ಬಡ್ಸ್ ತಗೊಂಡ್ರೆ ವಾಪಸ್ ಬರತ್ತೆ. ಬಣ್ಣ ಒಂದು ಪಾಲು, ನೀರು ಎಂಟತ್ತು ಪಾಲು, ಪಾತ್ರೆ ತೊಳೆಯೋ ಲಿಕ್ವಿಡ್ ಒಂದೇ ಒಂದು ಹನಿ, ಇಷ್ಟರಿಂದ ಶುರು ಮಾಡಿ. ಬರೀ ಕಪ್ಪು ಬೇಡ, ಅದು ಕೊಳೆ ಥರ ಕಾಣಲ್ಲ, ಮಸಿ ಥರ ಕಾಣತ್ತೆ. ರಾ ಅಂಬರ್ ಅನ್ನೋ ಮಣ್ಣಿನ ಕಂದಿಗೆ ಚೂರೇ ಚೂರು ಕಪ್ಪು ಸೇರಿಸಿದ್ರೆ ಜಿಡ್ಡಿನ ಬಣ್ಣ ಬರತ್ತೆ, ಬರ್ನ್ಟ್ ಅಂಬರ್ ಅನ್ನೋ ಕಡುಕಂದು ಹಳೇ ತುಕ್ಕಿಗೆ, ಬರ್ನ್ಟ್ ಸಿಯೆನ್ನಾ ಅನ್ನೋ ಕೆಂಗಂದು ಹೊಸ ತುಕ್ಕಿಗೆ. ಬಳಿದು ಅರೆ ಒಣಗಿದಾಗ ಉಬ್ಬಿರೋ ಕಡೆ ಮಾತ್ರ ಬಟ್ಟೇಲಿ ಒರೆಸಿ, ಸಂದೀಲಿ ಬಿಡಿ. ಒರೆಸೋ ದಿಕ್ಕು ಮೇಲಿಂದ ಕೆಳಗೆ, ಯಾಕಂದ್ರೆ ಒರೆಸಿದ ಗುರುತೂ ಉಳಿಯತ್ತೆ, ಅದು ನೀರು ಇಳಿದ ದಿಕ್ಕಲ್ಲಿ ಇದ್ರೆ ಅದೇ ನಿಮಗೆ ಸಹಾಯ ಮಾಡತ್ತೆ.

ಧೂಳಿಗೆ ಒಣ ಪುಡಿ. ಪಿಗ್ಮೆಂಟ್ ಪೌಡರ್ ಇಲ್ಲದಿದ್ರೆ ಚಾಕ್ ಪೇಸ್ಟಲ್ ಕಡ್ಡೀನ ಸ್ಯಾಂಡ್ ಪೇಪರ್ ಮೇಲೆ ಉಜ್ಜಿದ್ರೆ ಅದೇ ಪುಡಿ. ಆಯಿಲ್ ಪೇಸ್ಟಲ್ ಅಲ್ಲ, ಅದು ಮೇಣ. ಮುಲ್ತಾನಿ ಮಿಟ್ಟಿಯೂ ಚೆನ್ನಾಗಿರತ್ತೆ, ಸಿನಿಮಾ ಸೆಟ್ಟಲ್ಲಿ ಬಟ್ಟೆ, ಬೂಟು, ಸಾಮಾನು ಎಲ್ಲದಕ್ಕೂ ಧೂಳು ಹಿಡಿದ ಹಾಗೆ ಕಾಣಿಸೋಕೆ ಇದನ್ನೇ ಬಹಳ ಕಾಲದಿಂದ ಬಳಸ್ತಾರೆ. ಮೆತ್ತನೆ ಬ್ರಶಲ್ಲಿ ಸಂದಿಗೆ ತುಂಬಿ, ಮೇಲಿಂದ ಉಫ್ ಅಂತ ಊದಿ, ಬೇಡ ಅನ್ಸಿದ್ರೆ ಒದ್ದೆ ಬಟ್ಟೆ. ಪುಡಿ ಕೆಲಸಕ್ಕೆ ಮಾಸ್ಕ್ ಹಾಕ್ಕೊಳ್ಳಿ, ಊದುವಾಗ ಮುಖ ಹತ್ರ ತರಬೇಡಿ, ಸಣ್ಣ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ.

ಅಂಚು ಸವೆದು ಲೋಹ ಕಾಣೋದಕ್ಕೆ 6ಬಿ ಅನ್ನೋ ಮೆತ್ತನೆ ಕಡುಕಪ್ಪು ಪೆನ್ಸಿಲ್. ಕಪ್ಪು ಅಥವಾ ಕಡು ಬಣ್ಣದ ಪ್ರಾಪ್‌ನ ಅಂಚಿಗೆ ಪೆನ್ಸಿಲನ್ನ ಮಲಗಿಸಿ ಎಳೆದು ಬೆರಳಲ್ಲಿ ತಿಕ್ಕಿದ್ರೆ ಗ್ರಾಫೈಟಿನ ಆ ಹೊಳಪು ನಿಜವಾದ ಉಕ್ಕಿನ ಥರಾನೇ ಇರತ್ತೆ, ಸರಿ ಬರ್ಲಿಲ್ಲ ಅಂದ್ರೆ ಎರೇಸರಲ್ಲಿ ಅಳಿಸಿ. ಇಷ್ಟು ಸುಲಭದ್ದು ಇಷ್ಟು ಚೆನ್ನಾಗಿ ಕಾಣೋದು ಬೇರೆ ಯಾವುದೂ ಇಲ್ಲ ಅಂತ ನನ್ನ ಅಭಿಪ್ರಾಯ. ತೆಳು ಬಣ್ಣದ ಪ್ರಾಪ್‌ಗೆ ಮಾತ್ರ ಇದು ಕೊಳೆ ಥರ ಕಾಣತ್ತೆ, ಅಲ್ಲಿಗೆ ನೀರಲ್ಲಿ ಕರಗೋ ಕಲರ್ ಪೆನ್ಸಿಲ್ ವಾಸಿ.

ಆಯಿಲ್ ಪೇಂಟ್ ಮಧ್ಯದ ದಾರಿ. ಒಣಗೋಕೆ ದಿನಗಟ್ಟಲೆ ತಗೊಳ್ಳೋದ್ರಿಂದ ಅವತ್ತು, ಮರುದಿನ ಬೇಕಾದ್ರೂ ಟರ್ಪೆಂಟೈನ್ ತೇವ ಮಾಡಿದ ಬ್ರಶಲ್ಲಿ ಎಳೆದಾಡಬಹುದು, ಪೂರ್ತಿ ತೆಗೀಬಹುದು, ಸೋರಿದ ಕಲೆಗಳಿಗೆ ಇದರಷ್ಟು ಮೃದುವಾಗಿ ಬೇರೆ ಯಾವುದೂ ಮಸುಕಾಗಲ್ಲ. ಇಷ್ಟ ಆದ್ರೆ ಸುಮ್ನೆ ಬಿಡಿ, ಅದೇ ಪರ್ಮನೆಂಟ್ ಆಗತ್ತೆ. ಇಲ್ಲಿ ಎರಡು ಮಾತು ಗಂಭೀರವಾಗಿ ಕೇಳಿ. ಕಿಟಕಿ ತೆಗೆದಿಟ್ಟು ಕೆಲಸ ಮಾಡಿ. ಮತ್ತೆ, ಲಿನ್‌ಸೀಡ್ ಎಣ್ಣೆ ಇರೋ ಬಣ್ಣ ಒರೆಸಿದ ಬಟ್ಟೇನ ಮುದ್ದೆ ಮಾಡಿ ಡಸ್ಟ್‌ಬಿನ್‌ಗೆ ಹಾಕಬೇಡಿ, ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟತ್ತೆ, ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗದೆ ತಾನಾಗೇ ಬೆಂಕಿ ಹತ್ಕೊಳ್ಳಬಹುದು. ನೀರಲ್ಲಿ ಅದ್ದಿಡಿ, ಇಲ್ಲಾ ಹೊರಗಡೆ ಹರಡಿ ಒಣಗಿಸಿ ಆಮೇಲೆ ಬಿಸಾಕಿ.

ಅಳಿಸೋಕೆ ಆಗದ ಕೆಲಸಗಳೂ ಇವೆ. ಸ್ಯಾಂಡ್ ಪೇಪರಲ್ಲಿ ನಿಜವಾಗಿ ಗೀರೋದು, ಚಾಕುವಿನಿಂದ ಕಚ್ಚು ಹಾಕೋದು, ಎರಡು ಬಣ್ಣದ ಮಧ್ಯೆ ಹೇರ್ ಸ್ಪ್ರೇ ಹಾಕಿ ಮೇಲಿನ ಬಣ್ಣ ನೀರಲ್ಲಿ ಎಬ್ಬಿಸೋದು, ಕಬ್ಬಿಣಕ್ಕೆ ವಿನೆಗರ್ ಉಪ್ಪು ಹಾಕಿ ನಿಜವಾದ ತುಕ್ಕು ತರಿಸೋದು, ಇವನ್ನೆಲ್ಲಾ ಪ್ಯಾನಲ್ ಮೇಲೆ ಮಾತ್ರ ಟೆಸ್ಟ್ ಮಾಡಿ, ಪ್ರಾಪ್ ಮೇಲೆ ಸುಮ್ನೆ ಚಾಕ್ ಪೆನ್ಸಿಲಲ್ಲಿ ಜಾಗ ಗುರುತು ಹಾಕಿಡಿ ಸಾಕು. ವಿನೆಗರ್ ಬಳಸಿದ ಜಾಗದಲ್ಲಿ ಬ್ಲೀಚ್ ಬೆರೆಸಬೇಡಿ, ವಿಷ ಅನಿಲ ಬರತ್ತೆ. ಬಟ್ಟೆ, ಚರ್ಮದ ಭಾಗ ಇದ್ರೆ ಒಳಮಡಿಕೆಯಲ್ಲಿ, ಹೊಲಿಗೆ ಹಿಂದೆ ಬೆರಳಗಲ ಜಾಗದಲ್ಲಿ ನೋಡಿ, ಅವು ಬಣ್ಣ ಕುಡಿದ್ರೆ ಮತ್ತೆ ಬಿಡಲ್ಲ.

ಈಗ ನೋಡೋದು

ಟೆಸ್ಟ್ ಮಾಡಿದ್ದಾಯ್ತು, ತಕ್ಷಣ ಏನೂ ತೀರ್ಮಾನ ಮಾಡಬೇಡಿ. ಒದ್ದೆ ವಾಶ್ ಯಾವಾಗ್ಲೂ ಕಡುವಾಗಿ, ಹೊಳಪಾಗಿ ಕಾಣತ್ತೆ, ಒಣಗಿದ್ಮೇಲೆ ಮಂಕಾಗಿ ಬೇರೆ ಬಣ್ಣಾನೇ ಆಗಿರತ್ತೆ, ನಾನು ಮೋಸ ಹೋಗಿದ್ದೂ ಅಲ್ಲೇ. ಒಂದು ರಾತ್ರಿ ಬಿಡಿ.

ಬೆಳಿಗ್ಗೆ ಹಗಲಿನ ಬೆಳಕಲ್ಲಿ ನೋಡಿ, ಸಂಜೆ ಹಳದಿ ಬಲ್ಬಲ್ಲಿ ನೋಡಿ, ಬಿಳಿ ಎಲ್‌ಇಡಿಯಲ್ಲಿ ನೋಡಿ. ಹಳದಿ ಬೆಳಕಲ್ಲಿ ತುಕ್ಕು ಬೆಚ್ಚಗೆ ಸುಂದರವಾಗಿರತ್ತೆ, ಅದೇ ಬಿಳಿ ಎಲ್‌ಇಡಿ ಕೆಳಗೆ ಕಿತ್ತಳೆ ಬಣ್ಣ ಎರಚಿದ ಹಾಗೆ ಕಾಣಬಹುದು, ಹಾಗಾಗಿ ಕೊನೆಗೆ ಪ್ರಾಪ್ ಎಲ್ಲಿ ಇರತ್ತೋ ಆ ಬೆಳಕಿನ ಮಾತೇ ಕೊನೇ ಮಾತು. ಟಾರ್ಚನ್ನ ಪಕ್ಕದಿಂದ ಮಲಗಿಸಿ ಹಿಡಿದ್ರೆ ಬ್ರಶ್ ಎಳೆದ ಗುರುತು, ಪುಡಿ ಗಂಟು ಕಟ್ಟಿದ್ದು ಎಲ್ಲಾ ಎದ್ದು ಕಾಣತ್ತೆ. ದೂರಾನೂ ಬದಲಾಯಿಸಿ, ಕೈಯಳತೆ, ಒಂದು ಮೀಟರ್, ನಾಲ್ಕು ಮೀಟರ್. ನಾಟಕಕ್ಕೆ ಮಾಡ್ತಿರೋ ಪ್ರಾಪ್ ಆದ್ರೆ ಹತ್ರದಿಂದ ಅತಿ ಅನ್ನಿಸೋ ಅಷ್ಟು ಹಾಕಿದ್ರೇನೇ ಹಿಂದಿನ ಸಾಲಿಗೆ ಕಾಣೋದು, ಕೈಯಲ್ಲಿ ಹಿಡಿದು ನೋಡೋ ಪ್ರಾಪ್ ಆದ್ರೆ ಅದರ ಅರ್ಧ ಸಾಕು.

ಫೋನಲ್ಲಿ ಫೋಟೋ ತೆಗೆದು ಬ್ಲಾಕ್ ಅಂಡ್ ವೈಟ್ ಮಾಡಿ ನೋಡಿ, ಬಣ್ಣದ ಮಾಯೆ ಹೋಗಿ ಬರೀ ಕಪ್ಪು ಬಿಳುಪು ಉಳಿದಾಗ ಎಲ್ಲಿ ಕಣ್ಣು ಮೊದಲು ಹೋಗತ್ತೆ ಅಂತ ತಿಳಿಯತ್ತೆ. ಕೊಳೆ ಎಲ್ಲಾ ಕಡೆ ಸಮ ಇದ್ರೆ ಫೋಟೋ ಪೂರ್ತಿ ಒಂದೇ ಬೂದಿ ಆಗಿರತ್ತೆ, ಇದು ನಾನು ನೋಡಿರೋ ತಪ್ಪುಗಳಲ್ಲಿ ಅತಿ ಸಾಮಾನ್ಯ. ಬಿಡುವು ಬೇಕು, ಕ್ಲೀನ್ ಆಗಿರೋ ಜಾಗ ಇದ್ರೇನೇ ಕೊಳೆ ಕೊಳೆ ಅನ್ಸೋದು. ಬಣ್ಣದ ಚಕ್ಕೆ ಎದ್ದ ಹಾಗೆ ಕಾಣಲಿ ಅಂತ ಸ್ಪಾಂಜನ್ನ ಬಣ್ಣದಲ್ಲಿ ಅದ್ದಿ ಒತ್ತಿದ್ರೆ, ಆ ಗುರುತುಗಳು ಒಂದೇ ಅಳತೆ ಒಂದೇ ಆಕಾರ ಇದ್ಯಾ ನೋಡಿ, ಇದ್ರೆ ಸ್ಪಾಂಜನ್ನ ಅಡ್ಡಾದಿಡ್ಡಿ ಹರಿದು, ಪ್ರತಿ ಸಲ ತಿರುಗಿಸಿ ಒತ್ತಬೇಕು.

ಆಮೇಲೆ ಪ್ರಾಪ್ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು, ಇದನ್ನ ಹೇಗೆ ಬಳಸ್ತಿದ್ರು ಅನ್ಸತ್ತೆ ಅಂತ ಕೇಳಿ. ಚೆನ್ನಾಗಿದ್ಯಾ ಅಂತ ಕೇಳಬೇಡಿ, ಎಲ್ರೂ ಚೆನ್ನಾಗಿದೆ ಅಂತಾರೆ. ನೀವು ಹಾಳೇಲಿ ಬರೆದ ಕಥೆಗೆ ಹತ್ರದ ಮಾತು ಅವರ ಬಾಯಲ್ಲಿ ಬಂದ್ರೆ ಟೆಸ್ಟ್ ಪಾಸು. ಅವರು ಎಲ್ಲಿ ಹಿಡ್ಕೊಂಡ್ರು ಅಂತಾನೂ ಗಮನಿಸಿ, ಎಷ್ಟೋ ಸಲ ನಾವು ಸವೆತ ಕೊಟ್ಟ ಕಡೆ ಕೈ ಹೋಗಲ್ಲ, ಬೇರೆ ಕಡೆ ಹೋಗತ್ತೆ, ಆ ಕೈಯೇ ಸರಿ.

ಕೊನೇ ಕ್ಲಿಯರನ್ನೂ ಟೆಸ್ಟ್ ಮಾಡಿ

ಇಲ್ಲಿ ತನಕ ಎಲ್ಲಾ ಸರಿ ಮಾಡಿ ಇಲ್ಲಿ ಎಡವೋರು ತುಂಬಾ ಜನ. ಪ್ರಾಪ್ ಮೇಲೆ ಮಾಡಿದ್ದನ್ನೇ ಪ್ಯಾನಲ್ ಮೇಲೂ ಮಾಡಿ, ಪ್ಯಾನಲ್‌ನ ಅರ್ಧ ಭಾಗಾನ ಕಾಗದದಲ್ಲಿ ಮುಚ್ಚಿ, ಉಳಿದ ಅರ್ಧಕ್ಕೆ ಕೊನೇ ಕ್ಲಿಯರ್ ಹೊಡೀರಿ, ಒಣಗಿದ್ಮೇಲೆ ಕಾಗದ ತೆಗೆದು ಎರಡೂ ಅರ್ಧ ಪಕ್ಕಪಕ್ಕ ನೋಡಿ. ಧೂಳಿನ ಪುಡಿ ಅರ್ಧಕ್ಕರ್ಧ ಮಾಯ ಆಗಿರತ್ತೆ, ಕ್ಲಿಯರಿನ ತೇವ ಪುಡಿಯೊಳಗೆ ಇಳಿದು ಅದರ ತಿಳಿ ಬಣ್ಣಾನ ನುಂಗಿಬಿಡತ್ತೆ. ಮ್ಯಾಟ್ ಕ್ಲಿಯರ್ ಹೊಡೆದ್ರೆ ಲೋಹದ ಹೊಳಪು ಸತ್ತಿರತ್ತೆ, ಪೆನ್ಸಿಲ್ ಅಂಚು ಬರೀ ಬೂದಿ ಗೆರೆ ಆಗಿರತ್ತೆ. ಗ್ಲಾಸ್ ಹೊಡೆದ್ರೆ ಎಲ್ಲಾ ಬಣ್ಣ ಇನ್ನಷ್ಟು ಕಡು. ಈ ವ್ಯತ್ಯಾಸ ಪ್ಯಾನಲ್ ಮೇಲೆ ಕಂಡ್ರೆ ಅದಕ್ಕೆ ತಕ್ಕ ಹಾಗೆ ಪುಡಿ ಸ್ವಲ್ಪ ಜಾಸ್ತಿ ಹಾಕಬಹುದು, ಅಥವಾ ಧೂಳು ಮತ್ತೆ ಪೆನ್ಸಿಲ್ ಅಂಚನ್ನ ಕ್ಲಿಯರ್ ಆದ್ಮೇಲೆ ಕೊನೇಲಿ ಹಾಕಿ ಹಾಗೇ ಬಿಡಬಹುದು. ಗಾಜಿನ ಪೆಟ್ಟಿಗೆಯೊಳಗೆ ಇಡೋ ಪ್ರಾಪ್ ಆದ್ರೆ ನಾನು ಧೂಳನ್ನ ಯಾವತ್ತೂ ಸೀಲ್ ಮಾಡಲ್ಲ.

ವಾಟರ್ ಕಲರ್, ಪೋಸ್ಟರ್ ಕಲರ್ ಬಳಸಿದ್ದು ಇಷ್ಟ ಆಗಿ ಅದನ್ನೇ ಉಳಿಸ್ಕೊಬೇಕು ಅಂದ್ರೆ ನೀರಿನ ಕ್ಲಿಯರನ್ನ ಬ್ರಶಲ್ಲಿ ಬಳಿಯಬೇಡಿ, ಕೆಳಗಿನ ಬಣ್ಣ ಮತ್ತೆ ಕರಗಿ ಎಳ್ಕೊಂಡು ಬರತ್ತೆ. ಸಾಲ್ವೆಂಟ್ ಬೇಸಿನ ಸ್ಪ್ರೇ ಹೊಡೀರಿ, ಸುಮಾರು 25 ರಿಂದ 30 ಸೆಂಟಿಮೀಟರ್ ದೂರದಿಂದ ಮಂಜಿನ ಹಾಗೆ ತೆಳುವಾಗಿ, ಒಂದು ಕೋಟಿಗೂ ಇನ್ನೊಂದಕ್ಕೂ ಕ್ಯಾನ್ ಮೇಲೆ ಬರೆದಿರೋ ಅಷ್ಟು ಹೊತ್ತು ಬಿಟ್ಟು. ಮೊದಲ ಕೋಟಲ್ಲೇ ಒದ್ದೆ ಆಗೋ ಅಷ್ಟು ಹೊಡೆದ್ರೆ ಪುಡಿಯೂ ಹರಿದುಹೋಗತ್ತೆ. ಆಯಿಲ್ ಪೇಂಟ್ ಇದ್ರೆ ಕ್ಲಿಯರ್ ಮುಂಚೆ ವಾರಗಟ್ಟಲೆ ಕಾಯೋ ತಾಳ್ಮೆ ಬೇಕು.

ಪರ್ಮನೆಂಟ್ ಮಾಡೋ ದಿನ

ಟೆಸ್ಟ್ ಮಾಡಿದ ಪ್ರಾಪನ್ನ ಎಲ್ಲಾ ಕಡೆಯಿಂದ ಫೋಟೋ ತೆಗೆದಿಡಿ, ಆಮೇಲೆ ಬೇಕಾದ್ರೆ ಪೂರ್ತಿ ಒರೆಸಿ ಅಕ್ರಿಲಿಕಲ್ಲಿ ಹೊಸದಾಗಿ ಮಾಡಿ, ಇಲ್ಲಾ ಇದ್ದದ್ದನ್ನೇ ಸೀಲ್ ಮಾಡಿ. ಜಾಸ್ತಿ ಕೈಯಾಡೋ ಪ್ರಾಪ್ ಆದ್ರೆ ಒರೆಸಿ ಮತ್ತೆ ಮಾಡೋದೇ ಒಳ್ಳೇದು, ನೀರಿನ ಬಣ್ಣದ ಮೇಲಿನ ಕ್ಲಿಯರ್ ಎಲ್ಲಾದ್ರೂ ಸವೆದ್ರೆ ಬೆವರಿಗೆ ಕರಗತ್ತೆ. ಮತ್ತೆ ಮಾಡುವಾಗ ಒಂದೇ ಸಲಕ್ಕೆ ಅಲ್ಲ, ಯಾರಿಗೂ ಕಾಣದ ತಳಭಾಗದಿಂದ ಶುರು ಮಾಡಿ, ಹಿಂದುಗಡೆಗೆ ಬಂದು, ಕೈ ಕುದುರಿದ ಮೇಲೆ ಮುಂಭಾಗ. ಒಂದೊಂದು ಪದರದ ನಂತರ ತೆಳು ಕ್ಲಿಯರ್ ಹಾಕ್ತಾ ಹೋದ್ರೆ, ಮುಂದಿನ ಪದರ ಕೆಟ್ರೆ ಒಣಗೋ ಮುಂಚೆ ಅದೊಂದನ್ನೇ ಒರೆಸಬಹುದು, ಹಿಂದಿನದ್ದು ಉಳ್ಕೊಳ್ಳತ್ತೆ. ನಿಜವಾದ ಗೀರು, ಕಚ್ಚು ಇದ್ರೆ ಅದನ್ನ ವಾಶ್‌ಗಿಂತ ಮುಂಚೆ ಮಾಡಿ, ವಾಶ್ ಅದರೊಳಗೆ ಇಳಿದು ಹಳೇ ಗೀರಾಗತ್ತೆ. ಒಂದೆರಡು ಮಾತ್ರ ವಾಶ್ ಆದ್ಮೇಲೆ ಮಾಡಿ, ಅವು ಮೊನ್ನೆ ಮೊನ್ನೆ ಬಿದ್ದ ಹಾಗೆ ಹೊಸದಾಗಿ ಉಳೀತವೆ, ಇಡೀ ವಸ್ತು ಒಂದೇ ದಿನ ಹಳೇದಾಗಿಲ್ಲ ಅನ್ನೋದು ಅಲ್ಲಿಂದ ಬರತ್ತೆ.

ಪ್ಯಾನಲ್ ಹಿಂದೆ ಬಣ್ಣದ ಹೆಸರು, ಎಷ್ಟು ಪಾಲು ನೀರು, ಯಾವ ಕ್ಲಿಯರ್, ಎಷ್ಟು ಕೋಟು, ತಾರೀಕು ಎಲ್ಲಾ ಬರೆದು ಪ್ರಾಪ್ ಜೊತೆಗೇ ಇಡಿ. ಮುಂದೆ ಯಾವತ್ತೋ ಕೈಜಾರಿ ಬಿದ್ದು ಒಂದು ಮೂಲೆ ಒಡೆದ್ರೆ, ರಿಪೇರಿ ಮಾಡಿದ ಜಾಗಕ್ಕೆ ಅದೇ ಕೊಳೆ ಅದೇ ತುಕ್ಕು ಹೊಂದಿಸೋಕೆ ಆ ತುಂಡೇ ಬೇಕಾಗತ್ತೆ.